ಗುಟ್ಟಾಗಿಯೇ ಉಳಿದ ರಟ್ಟು: ನರ್ಸ್‌ಗಳ ಉಪಾಯ ವಾರ್ಡಿನ ಬಾಗಿಲು ದಾಟದಿರುವುದೇಕೆ?

ಹೋದ ಮಳೆಗಾಲದಲ್ಲಿ ಅಮ್ಮನನ್ನು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ವಯಸ್ಸಾದವರ ಕೈಯಲ್ಲಿ ನರ ಸಿಗುವುದು ಕಷ್ಟ. ಹುಡುಕಿ ಹುಡುಕಿ ಕೊನೆಗೆ ಮೊಣಕೈಯ ಮಡಿಕೆಯಲ್ಲಿ ಡ್ರಿಪ್‌ನ ಸಣ್ಣ ನಳಿಕೆ, ಕ್ಯಾನುಲಾ, ಹಾಕಿದ್ದರು. ಅಮ್ಮ ನಿದ್ದೆಯಲ್ಲಿ ಕೈ ಮಡಿಸಿದಾಗಲೆಲ್ಲ ಡ್ರಿಪ್ ನಿಲ್ಲುತ್ತಿತ್ತು, ಪಂಪು ಕೂಗುತ್ತಿತ್ತು, ಸಿಸ್ಟರ್ ಓಡಿ ಬಂದು ಕೈ ನೇರ ಮಾಡಿ ಹೋಗುತ್ತಿದ್ದರು. ಐದಾರು ಸಲ ಹೀಗಾದ ಮೇಲೆ, ರಾತ್ರಿ ಒಂದೂವರೆಯ ಹೊತ್ತಿಗೆ, ಅವರು ಖಾಲಿಯಾದ ಗ್ಲೌಸ್ ಡಬ್ಬಿಯೊಂದನ್ನು ತಂದರು. ಅದರಿಂದ ಅಂಗೈ ಅಗಲದ ಪಟ್ಟಿ ಕತ್ತರಿಸಿ, ಎರಡು ಮಡಿಕೆ ಮಾಡಿ, ಸುತ್ತಲೂ ಗಾಜ್ ಬಟ್ಟೆ ಸುತ್ತಿ, ಮೊಣಕೈಯ ಹಿಂಬದಿಗೆ ಹಲಗೆಯಂತೆ ಇಟ್ಟು ಪ್ಲಾಸ್ಟರ್ ಅಂಟಿಸಿದರು. ಐದು ನಿಮಿಷದ ಕೆಲಸ. ಬೆಳಗಿನವರೆಗೆ ಪಂಪು ಮತ್ತೆ ಸದ್ದು ಮಾಡಲಿಲ್ಲ.

ಆರು ಗಂಟೆಗೆ ಅವರೇ ಬಂದು ಅದನ್ನು ಬಿಚ್ಚಿ ದಿಂಬಿನ ಕೆಳಗೆ ತಳ್ಳಿದರು.

"ಯಾಕೆ ಸಿಸ್ಟರ್, ಚೆನ್ನಾಗಿತ್ತಲ್ಲ?" ಎಂದೆ.

"ಇನ್‌ಚಾರ್ಜ್ ಮೇಡಂ ರೌಂಡ್ಸ್‌ಗೆ ಬರುತ್ತಾರೆ ಸರ್. ಇದು ಪ್ರೋಟೋಕಾಲ್‌ನಲ್ಲಿ ಇಲ್ಲ. ಯಾರು ಮಾಡಲು ಹೇಳಿದರು ಎಂದು ಕೇಳಿದರೆ ಏನು ಹೇಳಲಿ? ರಾತ್ರಿ ಬಂದು ಮತ್ತೆ ಕಟ್ಟುತ್ತೇನೆ. ಅಜ್ಜಿ, ಹಗಲು ಹೊತ್ತು ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ."

ಮೂರು ರಾತ್ರಿ ರಟ್ಟು ಹೊರಬಂತು, ಮೂರು ಬೆಳಗ್ಗೆ ಗುಟ್ಟಾಯಿತು. ಹಗಲಿನ ಪಾಳಿಯ ಸಿಸ್ಟರ್‌ಗೆ ಅದರ ಸುದ್ದಿಯೇ ಇರಲಿಲ್ಲ. ಹಗಲೆಲ್ಲ ಪಂಪು ಕೂಗುತ್ತಲೇ ಇತ್ತು.

ನರ್ಸ್‌ಗಳಲ್ಲಿ ಹೊಸತನ ಬೆಳೆಸುವುದು ಹೇಗೆ ಎಂಬ ಚರ್ಚೆ ನಡೆದಾಗಲೆಲ್ಲ ನನಗೆ ಆ ರಟ್ಟು ನೆನಪಾಗುತ್ತದೆ. ಚರ್ಚೆ ಸಾಮಾನ್ಯವಾಗಿ ತರಬೇತಿ, ಕಾರ್ಯಾಗಾರ, ಸೃಜನಶೀಲತೆ ಎಂಬ ದಾರಿ ಹಿಡಿಯುತ್ತದೆ. ನರ್ಸ್‌ಗಳಿಗೆ ಉಪಾಯ ಹೊಳೆಯುವುದಿಲ್ಲ, ಹೊಳೆಯುವಂತೆ ಮಾಡಬೇಕು ಎಂಬುದು ಅದರ ಹಿಂದಿರುವ ನಂಬಿಕೆ. ನನ್ನ ಅನಿಸಿಕೆ ಇದಕ್ಕೆ ವಿರುದ್ಧ. ವಾರ್ಡಿನಲ್ಲಿ ಉಪಾಯಗಳಿಗೆ ಬರವಿಲ್ಲ. ಪ್ರತಿ ಪಾಳಿಯಲ್ಲೂ ಒಂದೆರಡು ಹುಟ್ಟುತ್ತವೆ, ಪಾಳಿ ಮುಗಿಯುವ ಮುನ್ನ ದಿಂಬಿನ ಕೆಳಗೆ ಸೇರುತ್ತವೆ. ಸಂಶೋಧಕರು ಹುಡುಕಬೇಕಾದದ್ದು ಹುಟ್ಟಿದ ಉಪಾಯ ಬಾಯಿಂದ ಹೊರಬರಲು ಮನಸ್ಸಿಗೆ ಏನು ಬೇಕು ಎಂಬುದನ್ನು.

ನೆದರ್‌ಲ್ಯಾಂಡ್ಸ್‌ನ ಒನ್ನೆ ಯಾನ್ಸೆನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲಸದ ಜಾಗದ ಹೊಸತನವನ್ನು ಮೂರು ಹಂತಗಳಲ್ಲಿ ಅಳೆದಿದ್ದರು: ಉಪಾಯ ಹುಟ್ಟುವುದು, ಅದಕ್ಕೆ ಬೆಂಬಲ ಕೂಡಿಸುವುದು, ಅದನ್ನು ಜಾರಿಗೆ ತರುವುದು. ಈ ಕ್ಷೇತ್ರದಲ್ಲಿ ಇಂದಿಗೂ ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲಿ ಅದೂ ಒಂದು. ನಮ್ಮ ಸಿಸ್ಟರ್ ಮೊದಲ ಹಂತವನ್ನೂ ಮೂರನೆಯದನ್ನೂ ಐದೇ ನಿಮಿಷದಲ್ಲಿ ಮುಗಿಸಿದ್ದರು. ಅವರು ಹಾರಿದ್ದು ನಡುವಿನದನ್ನು. ಆ ಹಂತದಲ್ಲಿ ಇನ್ನೊಬ್ಬರ ಎದುರು ನಿಂತು ಮಾತನಾಡಬೇಕಾಗುತ್ತದೆ.

ಈ ಮಾತನಾಡುವ ಧೈರ್ಯದ ಬಗ್ಗೆ ಬಂದಿರುವ ಅತ್ಯಂತ ಪ್ರಸಿದ್ಧ ಸಂಶೋಧನೆ ಹುಟ್ಟಿದ್ದೇ ನರ್ಸ್‌ಗಳ ನಡುವೆ, ಅದೂ ಒಂದು ಎಡವಟ್ಟಿನಿಂದ. ಹಾರ್ವರ್ಡ್‌ನಲ್ಲಿ ಓದುತ್ತಿದ್ದ ಏಮಿ ಎಡ್ಮಂಡ್‌ಸನ್ ಅಮೆರಿಕದ ಎರಡು ಆಸ್ಪತ್ರೆಗಳ ಎಂಟು ವಾರ್ಡುಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕುತ್ತಿದ್ದರು. ಒಗ್ಗಟ್ಟಿನಿಂದ ಕೆಲಸ ಮಾಡುವ ತಂಡದಲ್ಲಿ ತಪ್ಪು ಕಡಿಮೆ ಇರಬೇಕಲ್ಲವೇ? ಅಂಕಿಗಳು ತಲೆಕೆಳಗಾಗಿ ಬಂದವು. ಒಳ್ಳೆಯ ತಂಡಗಳಲ್ಲಿಯೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಒಳ್ಳೆಯ ಮುಖ್ಯಸ್ಥೆ ಇದ್ದರೆ ನರ್ಸ್‌ಗಳು ಹೆಚ್ಚು ತಪ್ಪು ಮಾಡುತ್ತಾರೆಯೇ ಎಂದು ತಲೆ ಕೆಡಿಸಿಕೊಂಡ ಮೇಲೆ ಬೆಳಕಾಯಿತು. ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಹೆಚ್ಚು ಹೇಳುತ್ತಿದ್ದರು. ಉಳಿದ ವಾರ್ಡುಗಳಲ್ಲಿ ತಪ್ಪುಗಳು ದಿಂಬಿನ ಕೆಳಗಿದ್ದವು. 1996ರಲ್ಲಿ ಪ್ರಕಟವಾದ ಈ ಅಧ್ಯಯನದ ಮುಂದುವರಿಕೆಯಾಗಿ 1999ರಲ್ಲಿ ಎಡ್ಮಂಡ್‌ಸನ್ ತಂಡಗಳ ಮಾನಸಿಕ ಸುರಕ್ಷತೆಯ ಪರಿಕಲ್ಪನೆಯನ್ನು ವಿವರವಾಗಿ ಮಂಡಿಸಿದರು. ಹೆಸರು ದೊಡ್ಡದು, ಅರ್ಥ ಸರಳ. ಗೊತ್ತಿಲ್ಲ ಎಂದರೆ, ತಪ್ಪಾಯಿತು ಎಂದರೆ, ಹೀಗೆ ಮಾಡಿದರೆ ಹೇಗೆ ಎಂದರೆ ಇಲ್ಲಿ ಯಾರೂ ನನ್ನ ಮರ್ಯಾದೆ ಕಳೆಯುವುದಿಲ್ಲ ಎಂಬ ಭರವಸೆ.

ನಮ್ಮ ಆಸ್ಪತ್ರೆಗಳಲ್ಲಿ ಈ ಭರವಸೆ ಎಷ್ಟಿದೆ ಎಂದು ತಿಳಿಯಲು ಪ್ರಶ್ನಾವಳಿ ಬೇಡ, ಒಂದು ಬೆಳಗಿನ ರೌಂಡ್ಸ್ ನೋಡಿದರೆ ಸಾಕು. ಮುಂದೆ ಹಿರಿಯ ವೈದ್ಯರು, ಅವರ ಹಿಂದೆ ಕಿರಿಯರು, ಅವರ ಹಿಂದೆ ಪಿ.ಜಿ. ವಿದ್ಯಾರ್ಥಿಗಳು, ಕೊನೆಯಲ್ಲಿ ಕೇಸ್ ಶೀಟ್ ಹಿಡಿದ ಸಿಸ್ಟರ್. ರಾತ್ರಿಯಿಡೀ ರೋಗಿಯ ಪಕ್ಕದಲ್ಲಿದ್ದದ್ದು ಸಾಲಿನ ಕೊನೆಯವರು. ಮೊದಲಿನವರು ಬಂದು ಮೂರು ನಿಮಿಷವಾಗಿರುತ್ತದೆ. ಅವರು ಕೇಳಿದ್ದಕ್ಕೆ ಇವರು ಅಂಕಿ ಹೇಳುತ್ತಾರೆ: ಬಿ.ಪಿ. ಎಷ್ಟು, ಮೂತ್ರ ಎಷ್ಟು, ಜ್ವರ ಎಷ್ಟು. ನಿಮಗೆ ಏನನ್ನಿಸುತ್ತದೆ ಎಂದು ಕೇಳಿದ್ದನ್ನು ನಾನಂತೂ ಒಮ್ಮೆ ಮಾತ್ರ ಕಂಡಿದ್ದೇನೆ. ಇಂಗ್ರಿಡ್ ನೆಂಬಾರ್ಡ್ ಮತ್ತು ಎಡ್ಮಂಡ್‌ಸನ್ ಸೇರಿ ನವಜಾತ ಶಿಶುಗಳ ತೀವ್ರ ನಿಗಾ ಘಟಕಗಳ ಬಗ್ಗೆ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ. ಸ್ಥಾನ ಕೆಳಗಿಳಿದಂತೆ ಮಾತಿನ ಧೈರ್ಯವೂ ಇಳಿಯುತ್ತದೆ. ಆದರೆ ಮೇಲಿರುವವರು ತಾವಾಗಿಯೇ ಕರೆದು ಅಭಿಪ್ರಾಯ ಕೇಳುವ ಘಟಕಗಳಲ್ಲಿ ಈ ಅಂತರ ಕಿರಿದಾಗುತ್ತದೆ. ಮೇಲಿನವರು ಕೇಳಬೇಕು. ನರ್ಸ್‌ಗೆ ಧೈರ್ಯದ ಪಾಠ ಹೇಳಿದರೆ ಸಾಲದು.

ಹೆಸರಿನ ಮಾತೂ ಇಲ್ಲಿಯೇ ಬರಬೇಕು. 'ಸಿಸ್ಟರ್' ಎಂಬುದು ನಾವು ಗೌರವದಿಂದ ಬಳಸುವ ಪದ, ಗಂಡಸಾದರೆ 'ಬ್ರದರ್'. ಸರ್ಕಾರಿ ಆಸ್ಪತ್ರೆಗಳಲ್ಲಿ ಈಗ ಹುದ್ದೆಯ ಹೆಸರು 'ಶುಶ್ರೂಷಾಧಿಕಾರಿ' ಎಂದಾಗಿದೆ, ಫಲಕ ಬದಲಾಗಿದೆ, ಕರೆಯುವ ಪದ ಬದಲಾಗಿಲ್ಲ. ನಾನೇ ಮೂರು ರಾತ್ರಿ ಅವರನ್ನು ಸಿಸ್ಟರ್ ಎಂದು ಕರೆದೆನೇ ಹೊರತು ಹೆಸರು ಕೇಳಲಿಲ್ಲ. ಹೆಸರಿಲ್ಲದವರ ಉಪಾಯಕ್ಕೆ ವಿಳಾಸ ಎಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಕತ್ತರಿಸುವ ಮುನ್ನ ಕೋಣೆಯಲ್ಲಿರುವ ಎಲ್ಲರೂ ತಮ್ಮ ಹೆಸರು ಮತ್ತು ಕೆಲಸ ಹೇಳಬೇಕು ಎಂಬ ಅಂಶ ಇದೆ. ಮೊದಲು ಓದಿದಾಗ ಔಪಚಾರಿಕತೆ ಎನ್ನಿಸಿತ್ತು. ಒಮ್ಮೆ ತನ್ನ ಹೆಸರು ಹೇಳಿ ಬಾಯಿ ತೆರೆದವರಿಗೆ ಎರಡನೇ ಸಲ "ಸರ್, ಎಡಗಾಲಲ್ಲವೇ?" ಎನ್ನುವುದು ಅಷ್ಟು ಕಷ್ಟವಾಗುವುದಿಲ್ಲ ಎಂಬುದು ಆಮೇಲೆ ಹೊಳೆಯಿತು.

ಬೆಂಗಳೂರಿಗೆ ಇನ್ನೊಂದು ವಿಶೇಷ ತೊಡಕಿದೆ, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ: ಭಾಷೆ. ಇಲ್ಲಿನ ದೊಡ್ಡ ಆಸ್ಪತ್ರೆಯ ಒಂದು ಮಹಡಿಯಲ್ಲಿ ಕೇರಳದವರು, ಈಶಾನ್ಯ ರಾಜ್ಯಗಳವರು, ರಾಯಚೂರು ಕಲಬುರಗಿ ಕಡೆಯವರು, ತಮಿಳುನಾಡಿನವರು ಒಟ್ಟಿಗೆ ಡ್ಯೂಟಿ ಮಾಡುತ್ತಾರೆ. ರೋಗಿ ಕನ್ನಡವನ್ನೋ ಉರ್ದುವನ್ನೋ ತೆಲುಗನ್ನೋ ಆಡುತ್ತಾನೆ. ಕೇಸ್ ಶೀಟ್ ಇಂಗ್ಲಿಷಿನಲ್ಲಿ, ಮೀಟಿಂಗ್ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದಲ್ಲಿ ಓದಿ, ಜಿ.ಎನ್.ಎಂ. ನರ್ಸಿಂಗ್ ಡಿಪ್ಲೊಮಾ ಮುಗಿಸಿ ಬಂದ ಹುಡುಗಿಗೆ ಕೆಲಸ ನೀರು ಕುಡಿದಂತೆ. ಆದರೆ ಹದಿನೈದು ಜನರ ಎದುರು ಇಂಗ್ಲಿಷಿನಲ್ಲಿ ತನ್ನ ಉಪಾಯ ವಿವರಿಸು ಎಂದರೆ ಗಂಟಲು ಒಣಗುತ್ತದೆ. ಅಸ್ಸಾಮಿನಿಂದ ಬಂದವಳಿಗೆ ಕನ್ನಡದ ಅಜ್ಜಿಯ ದೂರು ಅರ್ಧ ಅರ್ಥವಾಗಿರುತ್ತದೆ, ಅದನ್ನು ಮೇಲಕ್ಕೆ ಒಯ್ಯುವಾಗ ಕಾಲು ಭಾಗ ಉಳಿಯುತ್ತದೆ. ಪರಭಾಷೆಯಲ್ಲಿ ಮನುಷ್ಯ ಖಚಿತವಾಗಿ ಗೊತ್ತಿರುವುದನ್ನು ಮಾತ್ರ ಆಡುತ್ತಾನೆ. ಹೊಸ ಉಪಾಯ ಹುಟ್ಟುವಾಗ ಖಚಿತವಾಗಿರುವುದಿಲ್ಲ, ತೊದಲುತ್ತಲೇ ಹುಟ್ಟುತ್ತದೆ. ತೊದಲಲು ಅವಕಾಶವಿಲ್ಲದ ಭಾಷೆಯಲ್ಲಿ ಅದು ಸಾಯುತ್ತದೆ. ಸಲಹೆಯನ್ನು ಯಾವ ಭಾಷೆಯಲ್ಲಾದರೂ ಹೇಳಬಹುದು, ಮೊಬೈಲಿನಲ್ಲಿ ದನಿ ಮುದ್ರಿಸಿ ಕಳುಹಿಸಿದರೂ ಸರಿ ಎಂದು ಒಂದು ಆಸ್ಪತ್ರೆ ಘೋಷಿಸಿದರೆ, ನನ್ನ ಲೆಕ್ಕದಲ್ಲಿ ಅದು ಹತ್ತು ಕಾರ್ಯಾಗಾರಕ್ಕೆ ಸಮ.

ಅನುಮತಿ ಸ್ಪಷ್ಟವಾಗಿದ್ದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕಥೆಯಿದೆ. 2001ರಲ್ಲಿ ಅಲ್ಲಿನ ವೈದ್ಯ ಪೀಟರ್ ಪ್ರೊನೊವೋಸ್ಟ್ ದೊಡ್ಡ ರಕ್ತನಾಳಕ್ಕೆ ಸೆಂಟ್ರಲ್ ಲೈನ್ ಎಂಬ ಉದ್ದನೆಯ ನಳಿಕೆ ಹಾಕುವಾಗ ಪಾಲಿಸಬೇಕಾದ ಐದು ಹೆಜ್ಜೆಗಳ ಪಟ್ಟಿ ಬರೆದರು. ಕೈ ತೊಳೆಯುವುದು, ಚರ್ಮ ಶುಚಿಗೊಳಿಸುವುದು, ಇಂಥವೇ, ಒಂದೂ ಹೊಸದಲ್ಲ. ಒಂದು ತಿಂಗಳು ನರ್ಸ್‌ಗಳಿಗೆ ಬರೀ ನೋಡಿ ಗುರುತು ಹಾಕಿ ಎಂದರು. ಮೂರನೇ ಒಂದಕ್ಕಿಂತ ಹೆಚ್ಚು ರೋಗಿಗಳ ವಿಷಯದಲ್ಲಿ ವೈದ್ಯರು ಒಂದಲ್ಲ ಒಂದು ಹೆಜ್ಜೆ ಬಿಟ್ಟಿದ್ದರು. ಮುಂದಿನ ತಿಂಗಳು ಆಡಳಿತ ಮಂಡಳಿಯಿಂದ ಆದೇಶ ಬಂತು: ಹೆಜ್ಜೆ ತಪ್ಪಿದರೆ ನರ್ಸ್ ವೈದ್ಯರನ್ನು ತಡೆಯಬಹುದು. ಒಂದು ವರ್ಷದಲ್ಲಿ ಅಲ್ಲಿನ ಲೈನ್ ಸೋಂಕು ಶೇ 11ರಿಂದ ಸೊನ್ನೆಗೆ ಇಳಿಯಿತು. ಈ ಕಥೆ ಹೇಳುವವರೆಲ್ಲ ಪಟ್ಟಿಯನ್ನು ಹೊಗಳುತ್ತಾರೆ. ಪಟ್ಟಿ ಮೊದಲ ತಿಂಗಳೂ ಇತ್ತಲ್ಲ! ನರ್ಸ್‌ಗಳ ಕಣ್ಣಿಗೆ ಆಗಲೂ ತಪ್ಪು ಕಾಣುತ್ತಿತ್ತು. ನಡುವೆ ಬದಲಾದದ್ದು, ಬಾಯಿ ತೆರೆದರೆ ಬೆನ್ನಿಗೆ ಯಾರಿದ್ದಾರೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ.

ಇಷ್ಟು ಹೇಳಿದ ಮೇಲೆ, ಭಯವೊಂದೇ ಕಾರಣ ಎಂದು ಹೊರಟರೆ ದಾರಿ ತಪ್ಪುತ್ತದೆ. ಭಯದಷ್ಟೇ ಬಲವಾಗಿ ಬಾಯಿ ಮುಚ್ಚಿಸುವ ಇನ್ನೊಂದು ಗುಣವಿದೆ, ಅದು ನರ್ಸ್‌ಗಳ ದೊಡ್ಡತನದಿಂದಲೇ ಹುಟ್ಟಿದ್ದು. ಅನಿತಾ ಟಕರ್ ಎಂಬ ಸಂಶೋಧಕಿ ಅಮೆರಿಕದ ಒಂಬತ್ತು ಆಸ್ಪತ್ರೆಗಳಲ್ಲಿ 26 ನರ್ಸ್‌ಗಳ ಹಿಂದೆಯೇ ಓಡಾಡಿ, ಅವರ ಕೆಲಸಕ್ಕೆ ಏನೇನು ಅಡ್ಡ ಬರುತ್ತದೆ, ಆಗ ಅವರು ಏನು ಮಾಡುತ್ತಾರೆ ಎಂದು ಬರೆದುಕೊಂಡರು. ಹಾಸಿಗೆ ವಸ್ತ್ರ ಇಲ್ಲ, ಔಷಧ ಬಂದಿಲ್ಲ, ಯಂತ್ರ ಕೆಟ್ಟಿದೆ. ಹತ್ತರಲ್ಲಿ ಒಂಬತ್ತು ಬಾರಿಗೂ ಹೆಚ್ಚು ಅವರು ಆ ಕ್ಷಣಕ್ಕೆ ಏನಾದರೊಂದು ಹೊಂದಿಸಿ ಮುಂದೆ ಹೋದರು: ಪಕ್ಕದ ವಾರ್ಡಿನಿಂದ ತಂದರು, ಬೇರೆ ಯಂತ್ರ ಎಳೆದುಕೊಂಡರು. ವಸ್ತ್ರ ಏಕೆ ದಿನವೂ ಸಾಲುವುದಿಲ್ಲ ಎಂದು ಮೇಲಿನವರನ್ನು ಕೇಳಿದ್ದು ಅಪರೂಪ. ಟಕರ್ ಮತ್ತು ಎಡ್ಮಂಡ್‌ಸನ್ 2003ರಲ್ಲಿ ಬರೆದ ಲೇಖನದಲ್ಲಿ ಕಾರಣಗಳನ್ನು ಹುಡುಕಿದಾಗ ಸಿಕ್ಕಿದ್ದು ಸೋಮಾರಿತನವಲ್ಲ. ತನ್ನ ಕೆಲಸವನ್ನು ತಾನೇ ನಿಭಾಯಿಸುವುದು, ಯಾರಿಗೂ ತೊಂದರೆ ಕೊಡದಿರುವುದು ಒಳ್ಳೆಯ ನರ್ಸ್‌ನ ಲಕ್ಷಣ ಎಂಬ ಹೆಮ್ಮೆ ಅವುಗಳಲ್ಲಿ ಒಂದು.

ಇದನ್ನು ಓದುವಾಗ ನಮ್ಮೂರಿನ ಪದ ಕಿವಿಯಲ್ಲಿ ಗುಂಯ್‌ಗುಟ್ಟುತ್ತದೆ: "ಸ್ವಲ್ಪ ಅಡ್ಜಸ್ಟ್ ಮಾಡಿ." ಬಸ್ಸಿನ ಸೀಟಿನಿಂದ ಹಿಡಿದು ಮದುವೆ ಛತ್ರದವರೆಗೆ ಬೆಂಗಳೂರನ್ನು ನಡೆಸುತ್ತಿರುವ ಮಂತ್ರ ಇದು. ನನಗೂ ಇದರ ಮೇಲೆ ಪ್ರೀತಿಯಿದೆ. ಆದರೆ ಆಸ್ಪತ್ರೆಯಲ್ಲಿ ಇದೊಂದು ಬಲೆ. ಅಡ್ಜಸ್ಟ್ ಮಾಡುವವರನ್ನು ಇನ್‌ಚಾರ್ಜ್ ಮೆಚ್ಚುತ್ತಾರೆ, ವೈದ್ಯರು ಮೆಚ್ಚುತ್ತಾರೆ, ರೋಗಿಯ ಮನೆಯವರು ಸಿಹಿ ಡಬ್ಬಿ ಕೊಡುತ್ತಾರೆ. "ಇದು ಮತ್ತೆ ಮತ್ತೆ ಆಗುತ್ತಿದೆ, ಸರಿ ಮಾಡಿ" ಎನ್ನುವವರಿಗೆ ಜಗಳಗಂಟಿ ಎಂಬ ಹೆಸರು ಬರುತ್ತದೆ. ಹೀಗೆ ಹೊಂದಿಸಿಕೊಂಡದ್ದು ಗೆಲ್ಲುತ್ತಾ ಹೋದಂತೆ ಮೂಲದ ದೋಷ ಯಾರ ಕಣ್ಣಿಗೂ ಬೀಳುವುದಿಲ್ಲ. ನಮ್ಮ ಸಿಸ್ಟರ್ ರಾತ್ರಿ ಜಾಣತನ ತೋರಿಸಿದ್ದರಿಂದಲೇ ಆ ವಾರ್ಡಿನಲ್ಲಿ ಕೈ ನೇರವಾಗಿಡುವ ಹಲಗೆ, ಆರ್ಮ್ ಬೋರ್ಡ್, ಇಲ್ಲ ಎಂಬುದು ಸ್ಟೋರ್‌ಗೆ ತಿಳಿಯಲಿಲ್ಲ.

ಗುಟ್ಟಿನ ಉಪಾಯಕ್ಕೆ ಇನ್ನೊಂದು ಮುಖವೂ ಇದೆ. ರಟ್ಟನ್ನು ತೊಳೆಯಲಾಗದು. ಒಬ್ಬರ ಕೈಗೆ ಕಟ್ಟಿದ್ದನ್ನು ಮರುದಿನ ಮತ್ತೆ ಕಟ್ಟಿದರೆ ಸೋಂಕು ನಿಯಂತ್ರಣದ ನರ್ಸ್ ಹುಬ್ಬು ಗಂಟಿಕ್ಕುವುದು ನ್ಯಾಯವೇ. ಹೇಳಿದ್ದರೆ ಅವರು "ರಟ್ಟು ಬೇಡ, ಒರೆಸಬಹುದಾದ ಹಲಗೆ ತರಿಸೋಣ" ಎನ್ನುತ್ತಿದ್ದರೇನೋ. ಬಚ್ಚಿಟ್ಟಾಗ ಉಪಾಯದ ಒಳಿತೂ ಹರಡುವುದಿಲ್ಲ, ಕೆಡುಕೂ ಪತ್ತೆಯಾಗುವುದಿಲ್ಲ. ಔಷಧ ಕೊಡುವ ಮುನ್ನ ರೋಗಿಯ ಕೈಪಟ್ಟಿಯ ಬಾರ್‌ಕೋಡ್ ಸ್ಕ್ಯಾನ್ ಮಾಡುವ ವ್ಯವಸ್ಥೆ ಅಮೆರಿಕದ ಆಸ್ಪತ್ರೆಗಳಿಗೆ ಬಂದಾಗ, ರಾಸ್ ಕಾಪೆಲ್ ಮತ್ತು ಸಂಗಡಿಗರು 2008ರಲ್ಲಿ ನರ್ಸ್‌ಗಳು ಅದನ್ನು ತಪ್ಪಿಸುವ 15 ಬಗೆಯ ಅಡ್ಡದಾರಿಗಳನ್ನು, ಅವುಗಳ ಹಿಂದಿನ 31 ಕಾರಣಗಳನ್ನು ಪಟ್ಟಿ ಮಾಡಿದರು. ರೋಗಿಯ ಬಾರ್‌ಕೋಡಿನ ಇನ್ನೊಂದು ಪ್ರತಿಯನ್ನು ಬೇರೆಲ್ಲೋ ಅಂಟಿಸಿಕೊಂಡು ಅಲ್ಲಿಯೇ ಸ್ಕ್ಯಾನ್ ಮಾಡುವುದು ಅವುಗಳಲ್ಲಿ ಒಂದು. ಮನೆಯಿಂದ ನೋಡಿದರೆ ಭಯಂಕರ, ವಾರ್ಡಿನಿಂದ ನೋಡಿದರೆ ಬ್ಯಾಟರಿ ಸತ್ತ ಸ್ಕ್ಯಾನರ್ ಮತ್ತು ಕಾಯುತ್ತಿರುವ ರೋಗಿ. ಈ ಅಡ್ಡದಾರಿಗಳೂ ಉಪಾಯಗಳೇ. ನಮ್ಮಲ್ಲಿ ಇಂಥದ್ದು ಸಿಕ್ಕಿಬಿದ್ದರೆ ಮೊದಲು ಹೊರಡುವುದು ಮೆಮೊ, ಅದಕ್ಕೆ ಉತ್ತರವಾಗಿ ಎಕ್ಸ್‌ಪ್ಲನೇಷನ್ ಲೆಟರ್. ಸ್ಕ್ಯಾನರ್‌ನ ಬ್ಯಾಟರಿ ಏಕೆ ಸತ್ತಿತ್ತು ಎಂದು ಬ್ಯಾಟರಿಯಿಂದ ಯಾರೂ ಪತ್ರ ಬರೆಸಿಕೊಳ್ಳುವುದಿಲ್ಲ.

ಭಯ, ಹೆಮ್ಮೆಗಳ ನಂತರ ಬಾಯಿ ಮುಚ್ಚಿಸುವ ಮೂರನೆಯದು, ತನ್ನ ಮಾತಿನಿಂದ ಏನಾದರೂ ಆಗುತ್ತದೆ ಎಂಬ ನಂಬಿಕೆಯ ಕೊರತೆ. ಗ್ರೆಚೆನ್ ಸ್ಪ್ರೈಟ್ಸರ್ 1995ರಲ್ಲಿ ಮಾನಸಿಕ ಸಬಲತೆಯನ್ನು ನಾಲ್ಕು ಭಾಗಗಳಾಗಿ ಬಿಡಿಸಿದ್ದರು: ಕೆಲಸಕ್ಕೆ ಅರ್ಥವಿದೆ ಎನ್ನಿಸುವುದು, ಅದು ತನಗೆ ಬರುತ್ತದೆ ಎನ್ನಿಸುವುದು, ಹೇಗೆ ಮಾಡಬೇಕೆಂಬುದು ತನ್ನ ಕೈಯಲ್ಲಿದೆ ಎನ್ನಿಸುವುದು, ತಾನು ಮಾಡಿದ್ದರಿಂದ ಬದಲಾವಣೆ ಆಗುತ್ತದೆ ಎನ್ನಿಸುವುದು. ನರ್ಸ್‌ಗಳಿಗೆ ಮೊದಲೆರಡರ ಕೊರತೆ ನನಗೆ ಕಂಡಿಲ್ಲ. ಸಾಯುತ್ತಿದ್ದವರು ನಡೆದುಕೊಂಡು ಮನೆಗೆ ಹೋಗುವುದನ್ನು ಕಂಡವರಿಗೆ ಕೆಲಸದ ಅರ್ಥವನ್ನು ಯಾರೂ ಹೇಳಿಕೊಡಬೇಕಿಲ್ಲ. ಕೊರತೆ ಇರುವುದು ಕೊನೆಯದರಲ್ಲಿ. ನರ್ಸಿಂಗ್ ಕಚೇರಿಯ ಗೋಡೆಯ ಮೇಲಿನ ಸಲಹಾ ಪೆಟ್ಟಿಗೆಯ ಬೀಗಕ್ಕೆ ತುಕ್ಕು ಹಿಡಿದಿರುತ್ತದೆ. ಚೀಟಿ ಹಾಕಿದವರಿಗೆ ಉತ್ತರ ಬಂದ ನೆನಪಿಲ್ಲ. "ಆಗುವುದಿಲ್ಲ, ಏಕೆಂದರೆ ಹೀಗೆ" ಎಂಬ ಉತ್ತರವಾದರೂ ಸಾಕಿತ್ತು. ಮೌನ ಮಾತ್ರ ಮುಂದಿನ ಚೀಟಿಯನ್ನು ಕೊಲ್ಲುತ್ತದೆ.

ಈ ನಂಬಿಕೆ ಎಷ್ಟು ತೆಳುವಾದ ದಾರದಲ್ಲಿ ತೂಗುತ್ತದೆ ಎಂಬುದನ್ನು ತೋರಿಸುವ ಒಂದು ಹಳೆಯ ಪ್ರಸಂಗವಿದೆ. 1956ರ ಬೇಸಿಗೆ, ಇಂಗ್ಲೆಂಡಿನ ಎಸೆಕ್ಸ್‌ನ ರೋಚ್‌ಫರ್ಡ್ ಆಸ್ಪತ್ರೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಜೀನ್ ವಾರ್ಡ್. ಮಕ್ಕಳಿಗೆ ಬಿಸಿಲು, ಗಾಳಿ ಒಳ್ಳೆಯದು ಎಂಬ ನಂಬಿಕೆಯಿಂದ ಅವರು ಗಟ್ಟಿಯಾದ ಕೂಸುಗಳನ್ನು ಅಂಗಳಕ್ಕೆ ಒಯ್ಯುತ್ತಿದ್ದರು; ನಮ್ಮ ಹಳ್ಳಿಗಳ ಬಾಣಂತಿಯರ ಮನೆಯ ಎಳೆಬಿಸಿಲಿನಂತೆ. ಒಂದು ದಿನ ರೌಂಡ್ಸ್‌ಗೆ ಬಂದ ವೈದ್ಯರಿಗೆ ಅಂಜುತ್ತ ಅಂಜುತ್ತ ಒಂದು ಕೂಸನ್ನು ತೋರಿಸಿದರು. ಮೈಯ ಕಾಮಾಲೆ ಬಣ್ಣ ತಿಳಿಯಾಗಿತ್ತು, ಹೊದಿಕೆಯ ಮೂಲೆ ಮುಚ್ಚಿದ್ದ ತ್ರಿಕೋನ ಮಾತ್ರ ಗಾಢ ಹಳದಿ. ಏನು ಬಳಿದಿದ್ದೀರಿ ಎಂದು ವೈದ್ಯರು ಕೇಳಿದರು. ಬಿಸಿಲಿರಬೇಕು ಎಂದರು ಸಿಸ್ಟರ್. ಅದನ್ನು ಯಾರೂ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಕೆಲವು ವಾರಗಳ ನಂತರ, ಬಿಸಿಲಿನಲ್ಲಿ ಮರೆತು ಬಿಟ್ಟಿದ್ದ ರಕ್ತದ ಟ್ಯೂಬಿನಲ್ಲಿ ಬಿಲಿರುಬಿನ್, ಅಂದರೆ ಕಾಮಾಲೆಯ ಹಳದಿ ಬಣ್ಣಕ್ಕೆ ಕಾರಣವಾದ ದ್ರವ್ಯ, ಅದರ ಪ್ರಮಾಣ ತೀರಾ ಇಳಿದಿರುವುದು ಕಂಡಾಗ ಸಿಸ್ಟರ್ ಮಾತು ನೆನಪಾಯಿತು. 1958ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಬಂಧ ಬಂತು. ಲೇಖಕರು ಮೂವರು, ಅವರಲ್ಲಿ ವಾರ್ಡ್ ಇಲ್ಲ. ಇಂದು ವಾಣಿ ವಿಲಾಸ ಆಸ್ಪತ್ರೆಯಿರಲಿ, ಯಾವುದೇ ತಾಲ್ಲೂಕು ಆಸ್ಪತ್ರೆಯ ನವಜಾತ ಶಿಶು ಘಟಕವಿರಲಿ, ನೀಲಿ ಬೆಳಕಿನ ಕೆಳಗೆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ ಕೂಸಿನ ಕಾಮಾಲೆ ಚಿಕಿತ್ಸೆಯ ಮೊದಲ ಎಳೆ ಆ ಅಂಗಳದ್ದು.

ಈ ಕಥೆಯನ್ನು ನರ್ಸಿಂಗ್ ಕಾಲೇಜುಗಳಲ್ಲಿ ಸ್ಫೂರ್ತಿಯ ಕಥೆಯಾಗಿ ಹೇಳುವುದುಂಟು. ನನಗೆ ಅದರಲ್ಲಿ ಕಾಣುವುದು 'ಅಂಜುತ್ತ ಅಂಜುತ್ತ' ಎಂಬುದು. ಆ ದಿನ ಅಂಜಿಕೆ ಒಂದು ತೂಕ ಹೆಚ್ಚಿದ್ದರೆ ಹೊದಿಕೆಯನ್ನು ಸರಿಸದೆಯೇ ರೌಂಡ್ಸ್ ಮುಗಿಯುತ್ತಿತ್ತು. ಆಧುನಿಕ ನರ್ಸಿಂಗ್‌ನ ತಾಯಿ ಫ್ಲಾರೆನ್ಸ್ ನೈಟಿಂಗೇಲ್ ವಿಷಯದಲ್ಲೂ ನಮ್ಮ ನೆನಪು ವಿಚಿತ್ರ. ಸೈನಿಕರ ಸಾವಿನ ಕಾರಣಗಳನ್ನು 1858ರಲ್ಲಿ ಬಣ್ಣದ ನಕ್ಷೆಯಾಗಿ ಬಿಡಿಸಿ ಸರ್ಕಾರವನ್ನೇ ಅಲುಗಾಡಿಸಿದ ಸಂಖ್ಯಾಶಾಸ್ತ್ರಜ್ಞೆ ಅವರು. ಅವರ ಹುಟ್ಟುಹಬ್ಬವಾದ ನರ್ಸ್‌ಗಳ ದಿನ, ಪ್ರತಿ ಮೇ 12ರಂದು, ನಾವು ಹಚ್ಚುವುದು ದೀಪವನ್ನು. ನಕ್ಷೆಯ ಪ್ರಸ್ತಾಪ ಭಾಷಣದಲ್ಲಿ ಬರುವುದು ಅಪರೂಪ.

ಭಾಷಣ ಎಂದ ಮೇಲೆ 'ಸೇವಾ ಮನೋಭಾವ'ದ ಮಾತು ಬರಲೇಬೇಕು. ಒಳಗಿನ ಪ್ರೇರಣೆ ಹೊಸತನದ ತಾಯಿಬೇರು ಎಂದು ಮನಶ್ಶಾಸ್ತ್ರವೂ ಹೇಳುತ್ತದೆ, ನಿಜ. ಆದರೆ ಯಾನ್ಸೆನ್ ಅಧ್ಯಯನದಲ್ಲಿ ಒಂದು ಖಾರವಾದ ಅಂಶವಿದೆ. ಕೆಲಸದ ಒತ್ತಡ ಹೆಚ್ಚಾದಾಗ ಜನ ಹೊಸ ದಾರಿ ಹುಡುಕುತ್ತಾರೆ, ಆದರೆ ತಾವು ಪಡುವ ಶ್ರಮಕ್ಕೆ ನ್ಯಾಯವಾದ ಪ್ರತಿಫಲ ಸಿಗುತ್ತಿದೆ ಎನ್ನಿಸಿದಾಗ ಮಾತ್ರ. ಅನ್ಯಾಯ ಎನ್ನಿಸಿದವರು ಒತ್ತಡವನ್ನು ಸಹಿಸುತ್ತಾರೆ, ಹೊಸದನ್ನು ಹುಡುಕುವುದಿಲ್ಲ. ನಮ್ಮಲ್ಲಿ ಆ ನ್ಯಾಯದ ಲೆಕ್ಕ ಹೇಗಿದೆ? ಖಾಸಗಿ ಆಸ್ಪತ್ರೆ ನರ್ಸ್‌ಗಳ ವೇತನದ ಬಗ್ಗೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ನಿರ್ದೇಶನ ಕೊಟ್ಟಿತು. ಅದರಂತೆ ರಚನೆಯಾದ ಸಮಿತಿ, 200ಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ಸರ್ಕಾರಿ ನರ್ಸ್‌ಗೆ ಸಮನಾದ ವೇತನ, 50ಕ್ಕಿಂತ ಕಡಿಮೆ ಇರುವ ಚಿಕ್ಕ ಆಸ್ಪತ್ರೆಯಲ್ಲೂ ಕನಿಷ್ಠ 20,000 ರೂಪಾಯಿ ಎಂದು ಶಿಫಾರಸು ಮಾಡಿತು. ಶಿಫಾರಸು ಕಾಗದದಲ್ಲಿದೆ. ಈ ನಗರದಲ್ಲಿ ಪೇಯಿಂಗ್ ಗೆಸ್ಟ್ ಕೋಣೆಯ ಬಾಡಿಗೆ ಕೊಟ್ಟು, ಊರಿಗೆ ಸಾಲದ ಕಂತು ಕಳುಹಿಸಿ, ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳಿದರೆ ನಗುವವರೇ ಹೆಚ್ಚು.

ಸಂಖ್ಯೆಯ ಮಾತೂ ಅಷ್ಟೇ. ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡದ ಪ್ರಕಾರ ಬೋಧನಾ ಆಸ್ಪತ್ರೆಯಲ್ಲಿ 3 ರೋಗಿಗಳಿಗೆ ಒಬ್ಬರು, ಇತರ ಆಸ್ಪತ್ರೆಯಲ್ಲಿ 5 ರೋಗಿಗಳಿಗೆ ಒಬ್ಬರು ನರ್ಸ್ ಇರಬೇಕು. ಅಮ್ಮನ ವಾರ್ಡಿನಲ್ಲಿ ಆ ಮೂರು ರಾತ್ರಿ ನಾನು ಎಣಿಸಿದ್ದು 11ಕ್ಕೆ ಒಬ್ಬರು. ಅಮೆರಿಕದ ಸಂಶೋಧಕಿ ಲಿಂಡಾ ಐಕೆನ್ ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಬಗ್ಗೆ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸ್‌ನ ಪಾಲಿಗೆ ಒಬ್ಬ ರೋಗಿ ಹೆಚ್ಚಾದರೆ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಏರುತ್ತದೆ ಎಂದು ತೋರಿಸಿದ್ದರು. ಜೀವವೇ ತೂಗುಯ್ಯಾಲೆಯಲ್ಲಿರುವಾಗ ಹೊಸತನದ ಮಾತು ಐಷಾರಾಮ ಎನ್ನಿಸಬಹುದು. ಆದರೂ ಹೇಳಬೇಕು: ದಣಿದ ಮನಸ್ಸು ಇಂದಿನ ರಾತ್ರಿಯ ಉಪಾಯ ಮಾಡಬಲ್ಲದು, ನಾಳೆಯ ವ್ಯವಸ್ಥೆಯನ್ನು ಯೋಚಿಸಲಾರದು.

ನಾಳೆ ಎಂಬುದೇ ಇಲ್ಲದವರೂ ಇದ್ದಾರೆ. ಬೆಂಗಳೂರಿನ ಖಾಸಗಿ ವಾರ್ಡುಗಳಲ್ಲಿ ಕೆಲಸ ಮಾಡುವ ಎಷ್ಟೋ ಯುವ ನರ್ಸ್‌ಗಳ ಬ್ಯಾಗಿನಲ್ಲಿ ಜರ್ಮನ್ ಭಾಷೆಯ ಪುಸ್ತಕವೋ ಇಂಗ್ಲಿಷ್ ಪರೀಕ್ಷೆಯ ಗೈಡೋ ಇರುತ್ತದೆ. ಎರಡು ವರ್ಷದ ಅನುಭವ ಪತ್ರ ಸಿಕ್ಕಿದ ಕೂಡಲೇ ಹೊರಡುವ ಯೋಚನೆ. ಅದನ್ನು ತಪ್ಪೆನ್ನಲು ನನಗೆ ಬಾಯಿಲ್ಲ. ಆದರೆ ಒಂದು ಉಪಾಯವನ್ನು ಮೇಲಕ್ಕೆ ಒಯ್ದು, ಒಪ್ಪಿಸಿ, ಖರೀದಿ ವಿಭಾಗದಿಂದ ಪಾರು ಮಾಡಿ ಜಾರಿಗೆ ತರಲು ಎಂಟು ತಿಂಗಳು ಬೇಕೆಂದರೆ, ಅದರ ಫಲ ನೋಡಲು ತಾನು ಇಲ್ಲಿರುವುದಿಲ್ಲ ಎಂದು ಗೊತ್ತಿರುವವರು ಏಕೆ ಹೆಣಗಬೇಕು? ಬಾಂಡ್ ಬರೆಸಿಕೊಂಡು, ಮೂಲ ಪ್ರಮಾಣಪತ್ರ ಹಿಡಿದಿಟ್ಟುಕೊಂಡು ಅವರನ್ನು ನಿಲ್ಲಿಸುವ ಆಸ್ಪತ್ರೆಗಳು ದೇಹವನ್ನು ಉಳಿಸಿಕೊಳ್ಳುತ್ತವೆ, ಮನಸ್ಸು ಆಗಲೇ ವಿಮಾನ ಹತ್ತಿರುತ್ತದೆ.

ಕೋವಿಡ್ ಕಾಲ ಇದಕ್ಕೆಲ್ಲ ಒಂದು ಅಪವಾದವಾಗಿತ್ತು. ಪಿ.ಪಿ.ಇ. ಒಳಗೆ ಯಾರು ಯಾರೆಂದು ತಿಳಿಯದಾದಾಗ ಎದೆಯ ಮೇಲೆ ಮಾರ್ಕರ್‌ನಲ್ಲಿ ಹೆಸರು ಬರೆದುಕೊಂಡರು, ರೋಗಿಗಳಿಗೆ ತಮ್ಮದೇ ಮೊಬೈಲಿನಿಂದ ಮನೆಯವರ ಮುಖ ತೋರಿಸಿದರು. ಯಾರ ಅಪ್ಪಣೆಗೂ ಕಾಯಲಿಲ್ಲ. ಹಿರಿಯ ವೈದ್ಯರಿಗೂ ಆಗ ಉತ್ತರ ಗೊತ್ತಿರಲಿಲ್ಲ, ಗೊತ್ತಿಲ್ಲ ಎನ್ನುವುದು ಯಾರಿಗೂ ನಾಚಿಕೆಯಾಗಿರಲಿಲ್ಲ. ಅಲೆ ಇಳಿಯಿತು, ಸಾಲು ಮತ್ತೆ ಮೊದಲಿನ ಕ್ರಮಕ್ಕೆ ಬಂತು.

ಏನು ಮಾಡಬಹುದು ಎಂಬುದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ನನಗೆ ಪರಿಚಯದ ಒಬ್ಬ ಇನ್‌ಚಾರ್ಜ್ ಸಿಸ್ಟರ್, ಈಗ ನಿವೃತ್ತರು, ಬೆಳಗ್ಗೆ ಒಂದು ಪಾಳಿಯವರು ಇನ್ನೊಂದು ಪಾಳಿಗೆ ಕೆಲಸ ಒಪ್ಪಿಸುವ ಹ್ಯಾಂಡ್‌ಓವರ್ ಮುಗಿದ ಮೇಲೆ ದಿನವೂ ಒಂದೇ ಪ್ರಶ್ನೆ ಕೇಳುತ್ತಿದ್ದರಂತೆ: "ನಿನ್ನೆ ರಾತ್ರಿ ಯಾವುದನ್ನು ಅಡ್ಜಸ್ಟ್ ಮಾಡಿದಿರಿ?" ಏನು ತಪ್ಪಾಯಿತು ಎಂದಲ್ಲ, ಏನು ಸಲಹೆ ಇದೆ ಎಂದೂ ಅಲ್ಲ. ಅಡ್ಜಸ್ಟ್ ಮಾಡಿದ್ದನ್ನು ಹೇಳಲು ಯಾರಿಗೂ ಹಿಂಜರಿಕೆಯಿಲ್ಲ, ಅದರಲ್ಲಿ ಹೆಮ್ಮೆಯೂ ಇದೆ. ಕೇಳಿದ್ದನ್ನು ಅವರು ಒಂದು ಉದ್ದನೆಯ ನೋಟ್‌ಬುಕ್‌ನಲ್ಲಿ ಬರೆದಿಡುತ್ತಿದ್ದರು. ಒಂದೇ ವಿಷಯ ಮೂರು ಸಲ ಬಂದರೆ ಕೆಂಪು ಗೆರೆ, ಆ ವಾರವೇ ಸ್ಟೋರ್‌ಗೋ ವೈದ್ಯರಿಗೋ ಅವರದೇ ಫೋನ್. ಹೇಳಿದವರ ಹೆಸರನ್ನು ಒಳ್ಳೆಯದಾದಾಗ ಮಾತ್ರ ಹೇಳುತ್ತಿದ್ದರು. ಮನಶ್ಶಾಸ್ತ್ರದ ಪುಸ್ತಕ ತೆರೆಯದೆ ಅವರು ಭಯ, ಹೆಮ್ಮೆ, ಫಲದ ನಂಬಿಕೆ ಮೂರನ್ನೂ ಒಂದೇ ನೋಟ್‌ಬುಕ್‌ನಲ್ಲಿ ಕಟ್ಟಿದ್ದರು. ನಿವೃತ್ತಿಯ ನಂತರ ಆ ವಾರ್ಡಿಗೆ ಗುಣಮಟ್ಟ ವಿಭಾಗದ ಮುದ್ರಿತ ಫಾರ್ಮ್ ಬಂತು, ಆರು ಕಾಲಮ್ಮುಗಳದ್ದು. ನೋಟ್‌ಬುಕ್ ಎಲ್ಲಿ ಹೋಯಿತೋ.

ಅಮ್ಮ ನಾಲ್ಕನೇ ದಿನ ಮನೆಗೆ ಬಂದರು. ಬಿಲ್ ಕಟ್ಟಿದ ಮೇಲೆ ಕೌಂಟರಿನ ಹುಡುಗ ಅಭಿಪ್ರಾಯದ ಹಾಳೆ ಕೊಟ್ಟ. 'ಶುಶ್ರೂಷಾ ಸಿಬ್ಬಂದಿಯ ಸೇವೆ' ಎಂಬುದರ ಎದುರು ಐದು ಚೌಕಗಳು, ಕೆಳಗೆ ಎರಡು ಸಾಲು ಖಾಲಿ ಜಾಗ. ಆ ರಟ್ಟಿನ ವಿಷಯ ಬರೆಯಬೇಕೆಂದು ಪೆನ್ನು ತೆಗೆದೆ. ಬರೆದರೆ ಹಾಳೆ ಯಾರ ಮೇಜಿಗೆ ಹೋಗುತ್ತದೆ, ಅವರು ಯಾರನ್ನು ಕರೆಸುತ್ತಾರೆ, ಏನು ಕೇಳುತ್ತಾರೆ ಎಂದು ಯೋಚಿಸಿದೆ. 'ಅತ್ಯುತ್ತಮ' ಎಂಬ ಚೌಕಕ್ಕೆ ಗುರುತು ಹಾಕಿ, ಎರಡು ಸಾಲನ್ನು ಖಾಲಿ ಬಿಟ್ಟು ಕೊಟ್ಟೆ.